ಕಣ್ಣು ಮುಂದಕ್ಕೆ ಬಂದರೆ ಕ್ಯಾನ್ಸರೇ ಇರಬೇಕೆ?

ಮೂಗಿನ ಒಂದು ಬದಿ ತಿಂಗಳುಗಟ್ಟಲೆ ಕಟ್ಟಿಕೊಂಡಿರುತ್ತದೆ. ಕೆನ್ನೆ ನಿಧಾನವಾಗಿ ಊದಿ, ಆ ಕಡೆಯ ಕಣ್ಣು ಮುಂದಕ್ಕೆ ಬರುತ್ತದೆ. ಜ್ವರವಿಲ್ಲ, ನೋವೂ ಅಷ್ಟಾಗಿ ಇಲ್ಲ. ಸ್ಕ್ಯಾನ್ ಮಾಡಿಸಿದರೆ ಸೈನಸ್ ತುಂಬ ಗಡ್ಡೆ, ಪಕ್ಕದ ಮೂಳೆ ಸವೆದಿದೆ. ಮೂಳೆ ತಿನ್ನುವುದು ಕ್ಯಾನ್ಸರ್ ಮಾತ್ರ ಎಂದು ನಂಬಿದ ಮನೆಮಂದಿ ಅಲ್ಲೇ ಕುಸಿಯುತ್ತಾರೆ. ಆದರೆ ಶಿಲೀಂಧ್ರವೂ ಮೂಳೆ ತಿನ್ನುತ್ತದೆ.

'ಇವರಿಗೆ ಸಕ್ಕರೆ ಕಾಯಿಲೆಯೇ ಇಲ್ಲವಲ್ಲ!' ಎಂದು ಮನೆಯವರು ಬೆರಗಾಗುತ್ತಾರೆ. 2021ರಲ್ಲಿ ಕೋವಿಡ್ ಬೆನ್ನಿಗೇ ಬಂದ 'ಕಪ್ಪು ಶಿಲೀಂಧ್ರ' ಶಿಲೀಂಧ್ರ ಹಿಡಿಯುವುದು ಮಧುಮೇಹಿಗಳನ್ನೇ ಎಂಬ ನಂಬಿಕೆಯನ್ನು ಗಟ್ಟಿ ಮಾಡಿತು. ಆ ಮ್ಯೂಕರ್ ಸೋಂಕು ಹೆಚ್ಚಾಗಿ ಹಿಡಿದದ್ದು ಹತೋಟಿ ತಪ್ಪಿದ ಮಧುಮೇಹಿಗಳನ್ನು, ಸ್ಟೀರಾಯ್ಡ್ ಪಡೆದವರನ್ನು. ಹರಡಲು ಅದಕ್ಕೆ ಕೆಲವೇ ದಿನ ಸಾಕು. ಆದರೆ ಸೈನಸ್ಸಿನ ಈ ಗಡ್ಡೆ ಬೇರೆ, ತಿಂಗಳುಗಟ್ಟಲೆ ಬೆಳೆಯುವ ಅಪರೂಪದ ಕಾಯಿಲೆ. ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ವಿಷ ಹುಟ್ಟಿಸುವ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟೇ ಗಟ್ಟಿಮುಟ್ಟಾದವರ ಸೈನಸ್ಸಿನಲ್ಲೂ ಬೇರೂರಬಲ್ಲದು. ಸುಡಾನ್, ಸೌದಿ ಅರೇಬಿಯಾ, ಪಾಕಿಸ್ತಾನ, ಭಾರತಗಳಿಂದ ಇಂಥ ಪ್ರಕರಣಗಳು ಹೆಚ್ಚಾಗಿ ವರದಿಯಾಗಿವೆ. ಗಡ್ಡೆಯಾಗುವುದಕ್ಕೆ ಕಾರಣ ದೇಹದ ದುರ್ಬಲತೆಯಲ್ಲ. ರೋಗನಿರೋಧಕ ಕೋಶಗಳು ಶಿಲೀಂಧ್ರದ ಎಳೆಗಳನ್ನು ಮುತ್ತಿ ಗೋಡೆ ಕಟ್ಟುತ್ತವೆ, ಸುತ್ತ ನಾರು ಬೆಳೆದು ಗಟ್ಟಿಯಾಗುತ್ತದೆ. ಸ್ಕ್ಯಾನಿನಲ್ಲಿ ಕಾಣುವ ಗಡ್ಡೆಯಲ್ಲಿ ಬಹುಪಾಲು ಆ ಹೋರಾಟದ್ದೇ.

ಹಾಗೆಂದು ಫಂಗಸ್ ಇರಬಹುದೆಂದು ಊಹಿಸಿ ಮಾತ್ರೆ ನುಂಗುವುದೂ ತಪ್ಪು. ಅಲ್ಲಿ ಕ್ಯಾನ್ಸರೇ ಇದ್ದೀತು. ಸ್ಕ್ಯಾನ್ ಸುಳಿವು ಕೊಡುತ್ತದೆ, ತೀರ್ಮಾನ ಬಯಾಪ್ಸಿಯಿಂದಲೇ. 'ತುಣುಕು ತೆಗೆದರೆ ರೋಗ ಹರಡುತ್ತದೆ' ಎಂಬ ಹೆದರಿಕೆಯಲ್ಲಿ ಅಮೂಲ್ಯ ವಾರಗಳು ಕಳೆದುಹೋಗುವುದು ನಿಜಕ್ಕೂ ಸಂಕಟದ ಸಂಗತಿ. ತೆಗೆದದ್ದನ್ನೆಲ್ಲ ಫಾರ್ಮಲಿನ್‌ಗೆ ಹಾಕಿದರೆ ಶಿಲೀಂಧ್ರ ಸತ್ತು ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ. ಆದ್ದರಿಂದ ಒಂದು ಭಾಗ ಸಲೈನ್‌ನಲ್ಲಿ ಬೇರೆಯಾಗಿ ಹೋಗಬೇಕು. ಎಳೆಗಳು ವಿರಳವಾಗಿದ್ದರೆ ಸೂಕ್ಷ್ಮದರ್ಶಕದಡಿ ಮಾಮೂಲಿ ಸ್ಟೇನ್‌ನಲ್ಲಿ (ಬಣ್ಣದಲ್ಲಿ) ಕಣ್ತಪ್ಪಿ, ಕ್ಷಯವೆಂದು ಭ್ರಮೆಯಾಗುವುದೂ ಉಂಟು. ಬೆಳ್ಳಿಯ ಸ್ಟೇನ್ ಹಾಕಿದರೆ ಕಪ್ಪಾಗಿ ಎದ್ದು ಕಾಣುತ್ತವೆ. 'ಫಂಗಸ್‌ಗೂ ಪರೀಕ್ಷೆ ಕಳಿಸುತ್ತೀರಾ ಡಾಕ್ಟ್ರೇ?' ಎಂದು ಕೇಳಲು ಯಾರೂ ಹಿಂಜರಿಯಬೇಕಿಲ್ಲ.

ಆ್ಯಂಟಿಬಯಾಟಿಕ್ ಶಿಲೀಂಧ್ರಕ್ಕೆ ನಾಟುವುದಿಲ್ಲ. ರೋಗಿಯಿಂದ ಮನೆಯವರಿಗೆ ಅಂಟುವುದೂ ಇಲ್ಲ. ಎಂಡೋಸ್ಕೋಪಿನಿಂದ ಆದಷ್ಟು ತೆರವು ಮಾಡಿ, ವೊರಿಕೊನಜೋಲ್ ಅಥವಾ ಇಟ್ರಾಕೊನಜೋಲ್‌ನಂಥ ಔಷಧವನ್ನು ತಿಂಗಳುಗಟ್ಟಲೆ ಕೊಡುತ್ತಾರೆ. ಊತ ಇಳಿದ ಕೂಡಲೇ ಮಾತ್ರೆ ಬಿಟ್ಟವರಲ್ಲಿ ರೋಗ ಮರಳಬಹುದು. ಹಾಗಾಗಿ ಚಿಕಿತ್ಸೆ ಮುಗಿದ ಮೇಲೂ ಎಂಡೋಸ್ಕೋಪಿ, ಸ್ಕ್ಯಾನ್‌ಗಳ ತಪಾಸಣೆ ಮುಂದುವರಿಯಬೇಕು.