ಹಳೆಯ ಡೆಸ್ಕ್‌ಟಾಪ್‌ಗೆ ಗ್ರಾಫಿಕ್ಸ್ ಕಾರ್ಡ್: ಮೊದಲು ಎಸ್‌ಎಂಪಿಎಸ್ ನೋಡಿ

ನಮ್ಮ ಸಂಘಗಳ ಕಚೇರಿ, ಕನ್ನಡ ಶಾಲೆ, ಸದಸ್ಯರ ಮನೆಗಳಲ್ಲಿರುವ ಡೆಸ್ಕ್‌ಟಾಪ್‌ಗಳಲ್ಲಿ ಹಲವು ಎಂಟು ಹತ್ತು ವರ್ಷ ಹಳೆಯವು. ಕೆಲವು ದೊಡ್ಡ ಊರಿನ ಕಂಪನಿಗಳು ಬಳಸಿ ಬಿಟ್ಟವು, ಕೆಲವು ಊರಿನ ಅಂಗಡಿಯಲ್ಲೇ ಅಸೆಂಬಲ್ ಮಾಡಿಸಿದವು. ಪತ್ರ ಬರೆಯಲು, ಸದಸ್ಯರ ಪಟ್ಟಿ ಇಡಲು, ಆಮಂತ್ರಣ ಪತ್ರಿಕೆ ಮಾಡಲು ಇವು ಇನ್ನೂ ಸಾಕು. ತೊಂದರೆ ಶುರುವಾಗುವುದು ರಾಜ್ಯೋತ್ಸವದ್ದೋ ಯಕ್ಷಗಾನದ್ದೋ ವಿಡಿಯೊ ಎಡಿಟ್ ಮಾಡಲು ಕುಳಿತಾಗ. ಧ್ವನಿ ಓಡುತ್ತದೆ, ಚಿತ್ರ ನಿಂತು ನಿಂತು ಬರುತ್ತದೆ. ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿದರೆ ಸರಿಹೋಗುತ್ತದೆಯೇ ಎಂಬುದು ಆಗ ಏಳುವ ಪ್ರಶ್ನೆ.

ಸರಿಹೋಗಬಹುದು. ಆದರೆ ಕಾರ್ಡ್ ಆರಿಸುವ ಮೊದಲು ಅದಕ್ಕೆ ವಿದ್ಯುತ್ ಕೊಡುವ ಡಬ್ಬಿ, ಅಂದರೆ ಎಸ್‌ಎಂಪಿಎಸ್, ಎಂಥದ್ದೆಂದು ನೋಡಬೇಕು. ಅಂಗಡಿಯಲ್ಲಿ ಮಾತು ಸಾಮಾನ್ಯವಾಗಿ ಕಾರ್ಡ್‌ನಿಂದ ಶುರುವಾಗುತ್ತದೆ. ಅದನ್ನು ತಿರುಗಿಸಿ ನೋಡಿ ಎಂಬುದೇ ನಮ್ಮ ಸಲಹೆ.

ಅದಕ್ಕೂ ಮೊದಲು ಕಾಸು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಈಗಿನ ಹಲವು ಮೊಬೈಲ್‌ಗಳು ವಿಡಿಯೊವನ್ನು ಎಚ್.265 ಎಂಬ ವಿಧಾನದಲ್ಲಿ ದಾಖಲಿಸುತ್ತವೆ. ಫೈಲ್ ಚಿಕ್ಕದಾಗುತ್ತದೆ, ಆದರೆ ಅದನ್ನು ಬಿಡಿಸಿ ತೋರಿಸುವ ಕೆಲಸ ಹೆಚ್ಚು. ಇಂಟೆಲ್‌ನ ನಾಲ್ಕನೇ ತಲೆಮಾರಿನ ಪ್ರೊಸೆಸರ್‌ಗಳಲ್ಲಿ ಈ ಕೆಲಸಕ್ಕೆಂದೇ ಪೂರ್ಣ ಯಂತ್ರಾಂಶ ಇಲ್ಲ, ಅದು ಬಂದದ್ದು ಆರನೇ ತಲೆಮಾರಿನಲ್ಲಿ. ಹಳೆಯ ಯಂತ್ರ ಮುಗ್ಗರಿಸುವುದು ಇಲ್ಲಿಯೇ. ಮೊಬೈಲ್ ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಎಚ್.264 ಆರಿಸಿ (ಐಫೋನ್‌ನಲ್ಲಾದರೆ 'ಮೋಸ್ಟ್ ಕಂಪ್ಯಾಟಿಬಲ್'), 4ಕೆ ಬದಲು 1080 ಇಟ್ಟು ಎರಡು ನಿಮಿಷ ಚಿತ್ರೀಕರಿಸಿ ನೋಡಿ. ಅದು ಸಲೀಸಾಗಿ ಎಡಿಟ್ ಆದರೆ ಕಾರ್ಡ್‌ನ ದುಡ್ಡು ಉಳಿಯಿತು. ಕಂಪ್ಯೂಟರ್ ಆನ್ ಆಗಲು, ಫೈಲ್ ತೆರೆಯಲು ತಡವಾಗುತ್ತಿದೆ ಎಂಬುದಷ್ಟೇ ದೂರಾದರೆ ಬೇಕಾದದ್ದು ಎಸ್‌ಎಸ್‌ಡಿ. ನುಡಿ, ಬರಹದಲ್ಲಿ ಟೈಪ್ ಮಾಡುವುದಕ್ಕೆ ಯಾವ ಕಾರ್ಡೂ ಬೇಡ. ಹಳೆಯ ಯಂತ್ರ ವಿಂಡೋಸ್ 11ಕ್ಕೆ ಅರ್ಹವಾಗಲು ಬೇಕಾದ ಪ್ರೊಸೆಸರ್ ಮತ್ತು ಟಿಪಿಎಂ ಕೂಡ ಗ್ರಾಫಿಕ್ಸ್ ಕಾರ್ಡ್‌ನಿಂದ ಸಿಗುವುದಿಲ್ಲ.

ಇನ್ನು ಎಸ್‌ಎಂಪಿಎಸ್. ನಾವೆಲ್ಲ ಸಿಪಿಯು ಎಂದು ಕರೆಯುವ ಪೆಟ್ಟಿಗೆಯ ಪಕ್ಕದ ಬಾಗಿಲು ತೆಗೆದರೆ ಇದರ ಮೇಲಿನ ಚೀಟಿ ಕಾಣುತ್ತದೆ. ದೊಡ್ಡ ಅಕ್ಷರದಲ್ಲಿ 450 ವ್ಯಾಟ್ ಎಂದಿದ್ದರೆ ಅಷ್ಟಕ್ಕೇ ನಂಬಬೇಡಿ. ಪ್ರೊಸೆಸರ್‌ಗೂ ಗ್ರಾಫಿಕ್ಸ್ ಕಾರ್ಡ್‌ಗೂ ಬೇಕಾದ ಶಕ್ತಿಯೆಲ್ಲ ಬಹುತೇಕ 12 ವೋಲ್ಟ್ ಸಾಲಿನಿಂದಲೇ ಬರುತ್ತದೆ. ಆ ಸಾಲಿನ ಎದುರು ಎಷ್ಟು ಆಂಪಿಯರ್ ಎಂದು ನೋಡಿ 12ರಿಂದ ಗುಣಿಸಿ. 16 ಆಂಪಿಯರ್ ಎಂದಿದ್ದರೆ ನಿಮ್ಮ ಕೈಗೆ ಸಿಗುವುದು 192 ವ್ಯಾಟ್ ಮಾತ್ರ. ಉಳಿದದ್ದು 5 ಮತ್ತು 3.3 ವೋಲ್ಟ್ ಸಾಲುಗಳ ಲೆಕ್ಕ, ಇಂದಿನ ಕಾರ್ಡ್‌ಗೆ ಅದರಿಂದ ಪ್ರಯೋಜನ ಇಲ್ಲ.

ಒಳ್ಳೆಯ ಎಸ್‌ಎಂಪಿಎಸ್ ಭಾರ ಹೆಚ್ಚಾದರೆ ತಾನೇ ಆಫ್ ಆಗುತ್ತದೆ. ತೀರಾ ಅಗ್ಗದ್ದರಲ್ಲಿ ಆ ರಕ್ಷಣೆ ಇರುವುದೇ ಅನುಮಾನ. ಅದು ಕೆಟ್ಟರೆ ತಾನೊಂದೇ ಕೆಡುವುದಿಲ್ಲ, ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಜೊತೆಗೆ ಒಯ್ಯಬಹುದು. ಕಾರ್ಡ್ ಹೋದರೆ ಇನ್ನೊಂದು ತರಬಹುದು. ಹಾರ್ಡ್ ಡಿಸ್ಕ್‌ನಲ್ಲಿ ಇಪ್ಪತ್ತು ವರ್ಷದ ಕಾರ್ಯಕ್ರಮಗಳ ಫೋಟೋ, ಹಿರಿಯರ ಭಾಷಣಗಳ ಧ್ವನಿಮುದ್ರಣ, ಶಾಲೆಯ ದಾಖಲೆ ಇದ್ದು ಅದಕ್ಕೆ ಬೇರೆ ಪ್ರತಿ ಇಲ್ಲದಿದ್ದರೆ ಎಲ್ಲಿಂದ ತರುವುದು? ಗಡಿ ಊರುಗಳ ಕನ್ನಡದ ಚರಿತ್ರೆ ಎಷ್ಟೋ ಕಡೆ ಇಂಥ ಒಂದೇ ಪೆಟ್ಟಿಗೆಯಲ್ಲಿ ಕುಳಿತಿದೆ. ಸ್ಕ್ರೂ ಬಿಚ್ಚುವ ಮೊದಲು ಎಲ್ಲವನ್ನೂ ಹೊರಗಿನ ಡಿಸ್ಕ್‌ಗೆ ಪ್ರತಿ ಮಾಡಿಡಿ. ಅಸೆಂಬಲ್ ಮಾಡಿಸಿದ ಯಂತ್ರದಲ್ಲಿ ಹೆಸರಿಲ್ಲದ ಹಳೆಯ ಎಸ್‌ಎಂಪಿಎಸ್ ಇದ್ದರೆ, ಕಾರ್ಡ್ ಹಾಕದಿದ್ದರೂ ಅದನ್ನು ಬದಲಿಸುವುದೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಕಂಪನಿ ಯಂತ್ರಗಳ ಕಥೆ ಬೇರೆ. ಡೆಲ್ ಆಪ್ಟಿಪ್ಲೆಕ್ಸ್ 9020 ತೆಗೆದುಕೊಳ್ಳಿ, ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಚೆನ್ನಾಗಿ ಪರಿಚಯವಿರುವ ಯಂತ್ರ. ಇದರ ಟವರ್ ಮಾದರಿಯಲ್ಲಿ 290 ವ್ಯಾಟ್‌ನ ಎಸ್‌ಎಂಪಿಎಸ್ ಇರುತ್ತದೆ. ಸಂಖ್ಯೆ ಚಿಕ್ಕದಾದರೂ ಗುಣಮಟ್ಟ ಒಳ್ಳೆಯದು. ಪ್ರೊಸೆಸರ್‌ಗೆ 84, ಕಾರ್ಡ್‌ಗೆ 75, ಬೋರ್ಡ್, ಡಿಸ್ಕ್, ಫ್ಯಾನ್‌ಗೆ 50 ಎಂದಿಟ್ಟುಕೊಂಡರೂ 209 ವ್ಯಾಟ್. ಹೀಗಾಗಿ 75 ವ್ಯಾಟ್ ಒಳಗಿನ ಕಾರ್ಡ್‌ಗೆ ಇದನ್ನು ಬದಲಿಸುವ ಅಗತ್ಯವೇ ಇಲ್ಲ. ಬದಲಿಸಲು ಹೊರಟರೆ ಇನ್ನೊಂದು ತೊಡಕು: ಸಾಮಾನ್ಯ ಎಸ್‌ಎಂಪಿಎಸ್‌ನ ಮುಖ್ಯ ಪ್ಲಗ್‌ಗೆ 24 ಪಿನ್, ಈ ಡೆಲ್ ಬೋರ್ಡ್‌ಗೆ 8 ಪಿನ್. ಅದೇ ಕಾಲದ ಎಚ್‌ಪಿ, ಲೆನೊವೊ ಕಚೇರಿ ಯಂತ್ರಗಳಲ್ಲೂ ಹೀಗೆ ತಮ್ಮದೇ ಪ್ಲಗ್‌ಗಳಿವೆ. ಅಡಾಪ್ಟರ್ ಸಿಗುತ್ತದೆ, ಆದರೆ ನಿಮ್ಮ ಮಾದರಿಯ ಸಂಖ್ಯೆ ಹೇಳಿಯೇ ತರಬೇಕು. ಅಡ್ಡಲಾಗಿ ಮಲಗಿಸುವ ಚಿಕ್ಕ ಪೆಟ್ಟಿಗೆಯಾದರೆ ಅರ್ಧ ಎತ್ತರದ ಕಾರ್ಡ್ ಮಾತ್ರ ಹಿಡಿಸುತ್ತದೆ. ಇಂಥ ಕೆಲವು ಮಾದರಿಗಳಲ್ಲಿ ಸ್ಲಾಟ್ 75 ವ್ಯಾಟ್ ಪೂರ್ತಿ ಕೊಡುವುದೂ ಇಲ್ಲ, ತಯಾರಕರ ಕೈಪಿಡಿ ನೋಡಿಕೊಳ್ಳಿ.

75 ಎಂಬ ಸಂಖ್ಯೆ ಏಕೆ ಮತ್ತೆ ಮತ್ತೆ ಬರುತ್ತಿದೆ ಎಂದರೆ, ಮದರ್‌ಬೋರ್ಡ್‌ನ ಸ್ಲಾಟ್‌ನಿಂದಲೇ ಕಾರ್ಡ್ ಪಡೆಯಬಹುದಾದ ಮಿತಿ ಅದು. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡ್‌ಗೆ ಎಸ್‌ಎಂಪಿಎಸ್‌ನಿಂದ ಬೇರೆ ತಂತಿ ಬೇಕು, 6 ಪಿನ್‌ನದು ಇನ್ನೊಂದು 75, 8 ಪಿನ್‌ನದು 150 ವ್ಯಾಟ್ ಕೊಡುತ್ತದೆ. ಹಳೆಯ ಡೆಸ್ಕ್‌ಟಾಪ್‌ಗೆ ಈ ಬೇರೆ ತಂತಿ ಬೇಡದ ಕಾರ್ಡೇ ಸರಿ. ಅಂಥ ತಂತಿ ಇಲ್ಲವೆಂದು ಹಾರ್ಡ್ ಡಿಸ್ಕ್ ಪ್ಲಗ್‌ನಿಂದ ತಿರುಗಿಸಿ ಕೊಡುವ ಅಡಾಪ್ಟರ್ ಹಾಕುವುದು ನಮಗೆ ಇಷ್ಟವಿಲ್ಲ, ತಂತಿ ಬಿಸಿಯಾಗಿ ಕರಗುವ ಅಪಾಯವಿದೆ.

ಜಿಟಿ 1030 ಕೇವಲ 30 ವ್ಯಾಟ್ ಬಳಸುತ್ತದೆ. ಎಚ್.265 ವಿಡಿಯೊ ತೋರಿಸುತ್ತದೆ, ಆದರೆ ಎಡಿಟ್ ಮುಗಿದ ಮೇಲೆ ವಿಡಿಯೊ ತಯಾರಿಸುವ ಎನ್‌ಕೋಡರ್ ಅದರಲ್ಲಿಲ್ಲ. ಆರ್‌ಎಕ್ಸ್ 6400ರಲ್ಲೂ ಇಲ್ಲ. ಜಿಟಿಎಕ್ಸ್ 1650ರಲ್ಲಿ ಎರಡೂ ಇವೆ, 75 ವ್ಯಾಟ್. ಕೆಲವು ತಯಾರಕರು ಇದಕ್ಕೂ 6 ಪಿನ್ ಇಟ್ಟಿದ್ದಾರೆ, ಇಲ್ಲದ್ದನ್ನು ಕೇಳಿ ಪಡೆಯಿರಿ. ಹೊಸದೇ ಬೇಕೆಂದರೆ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ 70 ವ್ಯಾಟ್. ಹೆಸರು ಅದೇ ಆದರೂ 8 ಜಿಬಿಯದು 130 ವ್ಯಾಟ್, ಬಿಲ್ ಮಾಡುವ ಮುನ್ನ ಡಬ್ಬಿ ಓದಿ. ಇಂಟೆಲ್‌ನ ಆರ್ಕ್ ಎ380 ಒಳ್ಳೆಯ ಕಾರ್ಡೇ, ಆದರೆ ಹಳೆಯ ಬೋರ್ಡ್‌ಗಳಲ್ಲಿ ಇರದ ರಿಸೈಜಬಲ್ ಬಾರ್ ಎಂಬ ಸೌಲಭ್ಯ ಇಲ್ಲದೆ ಅದರ ವೇಗ ಬಹಳ ಕುಸಿಯುತ್ತದೆ. ಜಿಟಿಎಕ್ಸ್ 1050 ಟಿಐ ಅಗ್ಗಕ್ಕೆ ಸಿಗುತ್ತದೆ. ಆದರೆ ಎನ್‌ವಿಡಿಯಾ ಆ ತಲೆಮಾರಿಗೆ ಹೊಸ ಸೌಲಭ್ಯಗಳ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರ್‌ಗೆ ಮುಗಿಸಿದೆ, ಭದ್ರತೆಯ ತಿದ್ದುಪಡಿ 2028ರ ಅಕ್ಟೋಬರ್‌ವರೆಗೆ ಎಂದಿದೆ. ಅದೇ ಹೆಸರಿನಲ್ಲಿ ಹಳೆಯ ಚಿಪ್ ತುಂಬಿದ ನಕಲಿಗಳೂ ಮಾರಾಟವಾಗಿವೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಇಂಥ ಹಲವನ್ನು ಗುರುತಿಸಿ ನಕಲಿ ಎಂದೇ ತೋರಿಸುತ್ತದೆ.

ಹೊಸೂರಿನವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಹತ್ತಿರ, ಕಾಸರಗೋಡಿನವರಿಗೆ ಮಂಗಳೂರು, ಅಕ್ಕಲಕೋಟೆಯವರಿಗೆ ಸೋಲಾಪುರ. ಎಲ್ಲಿ ಕೊಂಡರೂ ವಾರಂಟಿಗೆ ಯಾವ ಊರಿನ ಸೇವಾ ಕೇಂದ್ರಕ್ಕೆ ಹೋಗಬೇಕೆಂದು ಅಲ್ಲಿಯೇ ಕೇಳಿ, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ದೂರದಿಂದ ತರುವವರು ಮಾನಿಟರ್‌ನ ಹಿಂಭಾಗವನ್ನೂ ನೋಡಿಕೊಂಡು ಹೊರಡಿ. ಹೊಸ ಕಾರ್ಡ್‌ಗಳಲ್ಲಿ ನೀಲಿ ವಿಜಿಎ ಕಿಂಡಿ ಇರುವುದಿಲ್ಲ, ಹಳೆಯ ಮಾನಿಟರ್‌ನಲ್ಲಿ ಅದೊಂದೇ ಇದ್ದರೆ ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಕನ್ವರ್ಟರ್ ಕೂಡ ಬೇಕು.

ಹಾಕುವ ಕೆಲಸ ಕಷ್ಟದ್ದಲ್ಲ. ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ, ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಶುರುಮಾಡಿ. ಎಸ್‌ಎಂಪಿಎಸ್‌ನ ಡಬ್ಬಿಯನ್ನು ಮಾತ್ರ ಎಂದಿಗೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ತಂತಿ ಕಳಚಬಹುದಾದ ಮಾದರಿಯಾದರೆ ಹಳೆಯದರ ತಂತಿಯನ್ನು ಹೊಸದಕ್ಕೆ ಚುಚ್ಚಬಾರದು. ಪ್ಲಗ್ ಒಂದೇ ರೀತಿ ಕಂಡರೂ ಪಿನ್‌ಗಳ ಕ್ರಮ ಬೇರೆ ಇರಬಹುದು, ಡಿಸ್ಕ್ ಸುಟ್ಟೀತು. ಹಿಂಭಾಗದಲ್ಲಿ 115/230 ಎಂಬ ಕೆಂಪು ಸ್ವಿಚ್ ಇದ್ದರೆ ಅದು 230ರಲ್ಲೇ ಇರಬೇಕು. ಕಾರ್ಡ್ ಕುಳಿತ ಮೇಲೆ ಮಾನಿಟರ್ ತಂತಿಯನ್ನು ಬೋರ್ಡ್‌ನ ಕಿಂಡಿಗಲ್ಲ, ಕಾರ್ಡ್‌ನ ಕಿಂಡಿಗೆ ಹಾಕಿ. ಪರದೆ ಕಪ್ಪಗಿದೆ ಎಂಬ ಗಾಬರಿಗೆ ಎಷ್ಟೋ ಸಲ ಕಾರಣ ಇಷ್ಟೇ. ಆಗಲೂ ಬಾರದಿದ್ದರೆ ಕಾರ್ಡ್ ತೆಗೆದು, ತಯಾರಕರ ತಾಣದಿಂದ ಬಯಾಸ್ ಅಪ್‌ಡೇಟ್ ಮಾಡಿ ಇನ್ನೊಮ್ಮೆ ನೋಡಿ. ಯುಇಎಫ್‌ಐ ಇಲ್ಲದ ತೀರಾ ಹಳೆಯ ಬೋರ್ಡ್‌ಗಳು ಕೆಲವು ಹೊಸ ಕಾರ್ಡ್‌ಗಳನ್ನು ಗುರುತಿಸುವುದೇ ಇಲ್ಲ. ಇದಕ್ಕಾಗಿಯೇ, ಸಾಧ್ಯವಾದರೆ ಯಂತ್ರವನ್ನು ಅಂಗಡಿಗೇ ಒಯ್ದು ಅಲ್ಲೇ ಹಾಕಿಸಿ, ಒಂದು ವಿಡಿಯೊ ಪೂರ್ತಿ ಎಕ್ಸ್‌ಪೋರ್ಟ್ ಆಗುವುದನ್ನು ನೋಡಿಕೊಂಡು ಹಣ ಕೊಡಿ.