ಬೋಲ್ಟು ಎಷ್ಟು ಬಿಗಿಯಾಗಿರಬೇಕು?

ಕಾಫಿ ಸೀಮೆಯ ರಸ್ತೆಗಳಲ್ಲಿ ಓಡಾಡಿರುವವರು ಈ ದೃಶ್ಯವನ್ನು ಒಮ್ಮೆಯಾದರೂ ನೋಡಿರುತ್ತೀರಿ. ಮೂಡಿಗೆರೆಯ ಯಾವುದೋ ತೋಟದ ಒಳದಾರಿಯಲ್ಲೋ, ಕಳಸದಿಂದ ಸಂಸೆಯ ಕಡೆಗೋ ಮೂಟೆ ಹೇರಿಕೊಂಡು ಏರು ಹತ್ತುತ್ತಿದ್ದ ಹಳೆಯ ಡೀಸೆಲ್ ಜೀಪು ಎರಡು ಸಲ ಮುಗ್ಗರಿಸಿ ನಿಂತುಬಿಡುತ್ತದೆ. ಡ್ರೈವರು ಇಳಿದು ಬಾನೆಟ್ ಎತ್ತಿ, ಡೀಸೆಲ್ ಫಿಲ್ಟರಿನ ಮೇಲಿನ ಸಣ್ಣ ಸ್ಕ್ರೂ ಸಡಿಲಿಸಿ, ಕೈಪಂಪನ್ನು ಹತ್ತಾರು ಸಲ ಒತ್ತುತ್ತಾರೆ. ಮೊದಲು ನೊರೆನೊರೆಯಾಗಿ, ಆಮೇಲೆ ತಿಳಿಯಾಗಿ ಡೀಸೆಲ್ ಹೊರಬರುತ್ತದೆ. ಸ್ಕ್ರೂ ಬಿಗಿಸಿ ಗಾಡಿ ಹೊರಡಿಸುತ್ತಾರೆ. ಏನಾಗಿತ್ತೆಂದು ಕೇಳಿದರೆ ಉತ್ತರ ಚಿಕ್ಕದು: “ಏರ್ ಹಿಡಿದಿತ್ತು.”

ಈ ಗಾಳಿ ಎಲ್ಲಿಂದ ಬಂತು? ಕೆಳಗೆ ನೋಡಿದರೆ ಒಂದು ತೊಟ್ಟು ಡೀಸೆಲ್ ಕೂಡ ಸೋರಿರುವುದಿಲ್ಲ. ಇಲ್ಲಿಯೇ ಒಂದು ಸ್ವಾರಸ್ಯವಿದೆ. ಟ್ಯಾಂಕಿನಿಂದ ಪಂಪಿನವರೆಗಿನ ಕೊಳವೆಯಲ್ಲಿ ಪಂಪು ಇಂಧನವನ್ನು ಹೀರುತ್ತಿರುತ್ತದೆ. ಆದ್ದರಿಂದ ಅಲ್ಲಿನ ಒತ್ತಡ ಹೊರಗಿನ ವಾತಾವರಣದ ಒತ್ತಡಕ್ಕಿಂತ ಕಡಿಮೆ. ಆ ಭಾಗದ ಒಂದು ಜೋಡಣೆ ಸಡಿಲವಾದರೆ ಎಣ್ಣೆ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಏರಿನಲ್ಲಿ ಎಂಜಿನ್ ಹೆಚ್ಚು ಡೀಸೆಲ್ ಬೇಡುವುದರಿಂದ ಪಂಪಿನ ಹೀರುವಿಕೆಯೂ ಹೆಚ್ಚು. ಸಮತಟ್ಟಾದ ರಸ್ತೆಯಲ್ಲಿ ಸುಮ್ಮನಿದ್ದ ಗಾಡಿ ಘಟ್ಟದಲ್ಲೇ ಕೈಕೊಡುವುದಕ್ಕೆ ಇದೊಂದು ಕಾರಣ. ದ್ರವವನ್ನು ಅದುಮಿ ಕುಗ್ಗಿಸುವುದು ಬಹಳ ಕಷ್ಟ, ಗಾಳಿಯನ್ನು ಕುಗ್ಗಿಸುವುದು ಸುಲಭ. ಮಹೀಂದ್ರ ಎಂಎಂ 540 ಜೀಪಿನಲ್ಲಿ ಬರುತ್ತಿದ್ದ ಪ್ಯೂಜೊ ಡೀಸೆಲ್ ಎಂಜಿನ್ನಿನಂಥವುಗಳಲ್ಲಿ ಇಂಜೆಕ್ಟರು ತೆರೆಯಬೇಕಾದರೆ ವಾತಾವರಣದ ಒತ್ತಡದ ನೂರು ಪಟ್ಟಿಗೂ ಮೀರಿದ ಒತ್ತಡ ಬೇಕು. ನಡುವೆ ಗಾಳಿಯ ಗುಳ್ಳೆ ಸೇರಿದರೆ ಪಂಪಿನ ಶ್ರಮವೆಲ್ಲ ಆ ಗುಳ್ಳೆಯನ್ನು ಹಿಸುಕುವುದರಲ್ಲೇ ಮುಗಿದುಹೋಗುತ್ತದೆ.

ಹಾಗಾದರೆ ಎಲ್ಲ ಬೋಲ್ಟುಗಳನ್ನೂ ಇನ್ನಷ್ಟು ಬಿಗಿದುಬಿಟ್ಟರೆ ಆಯಿತಲ್ಲ ಎನ್ನಬಹುದು. ಹಾಗೆ ಮಾಡಿದ್ದರಿಂದಲೇ ಕೆಟ್ಟ ಗಾಡಿಗಳು ಗ್ಯಾರೇಜುಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಇದನ್ನು ತಿಳಿಯಲು ಬೋಲ್ಟು ನಿಜವಾಗಿ ಏನು ಕೆಲಸ ಮಾಡುತ್ತದೆ ಎಂಬುದನ್ನು ನೋಡಬೇಕು.

ಬೋಲ್ಟು ಒಂದು ಸ್ಪ್ರಿಂಗು. ನಟ್ಟನ್ನು ತಿರುಗಿಸಿದಾಗ ಉಕ್ಕಿನ ಆ ಕಂಬಿ ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ಮರಳಿ ಕುಗ್ಗಲು ಯತ್ನಿಸುತ್ತಾ ಎರಡು ಭಾಗಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುತ್ತದೆ. ಪಾಠದಲ್ಲಿ ಓದಿರುವ ಹುಕ್‌ನ ನಿಯಮವೇ ಇಲ್ಲಿಯೂ ನಡೆಯುವುದು. ನಮಗೆ ಬೇಕಾದದ್ದು ಈ ಹಿಡಿತ. ಆದರೆ ಹಿಗ್ಗುವಿಕೆ ಕಣ್ಣಿಗೆ ಕಾಣದು, ಕ್ಯಾಮೆರಾಕ್ಕೂ ಸಿಕ್ಕುವುದಿಲ್ಲ. 8 ಮಿಲಿಮೀಟರ್ ದಪ್ಪದ ಬೋಲ್ಟು 30 ಮಿಲಿಮೀಟರ್ ದಪ್ಪದ ಭಾಗಗಳನ್ನು ಸರಿಯಾಗಿ ಹಿಡಿದಿರುವಾಗ ಹಿಗ್ಗುವುದು ಸುಮಾರು 0.05 ಮಿಲಿಮೀಟರ್ ಮಾತ್ರ. ಅದನ್ನು ನೇರವಾಗಿ ಅಳೆಯುವುದು ಕಷ್ಟವಾದ್ದರಿಂದ, ಅದಕ್ಕೆ ಬದಲಾಗಿ ತಿರುಗಿಸಲು ಬೇಕಾದ ಬಲವನ್ನು ಅಳೆಯುತ್ತೇವೆ. ಇದೇ ತಿರುಗುಬಲ, ಗ್ಯಾರೇಜಿನ ಮಾತಿನಲ್ಲಿ ಟಾರ್ಕ್. ಸ್ಪ್ಯಾನರಿನ ಉದ್ದವನ್ನು ಅದರ ತುದಿಯಲ್ಲಿ ಲಂಬವಾಗಿ ಹಾಕಿದ ಬಲದಿಂದ ಗುಣಿಸಿದರೆ ಟಾರ್ಕ್ ಸಿಗುತ್ತದೆ. ಅಳತೆ ನ್ಯೂಟನ್-ಮೀಟರ್. ಹಳೆಯ ಜೀಪುಗಳ ಪುಸ್ತಕಗಳಲ್ಲಿ ಅಡಿ-ಪೌಂಡ್ ಅಥವಾ ಕಿಲೋಗ್ರಾಂ-ಮೀಟರ್ ಇರುತ್ತದೆ. ಒಂದು ಅಡಿ-ಪೌಂಡ್ ಎಂದರೆ 1.36 ನ್ಯೂಟನ್-ಮೀಟರ್, ಒಂದು ಕಿಲೋಗ್ರಾಂ-ಮೀಟರ್ ಎಂದರೆ 9.8 ನ್ಯೂಟನ್-ಮೀಟರ್. ಪುಟದ ಮೇಲಿನ ಅಂಕಿಯನ್ನು ಓದಿ ಅಳತೆಯ ಹೆಸರನ್ನು ಓದದೆ ಇದ್ದರೆ ಆಗುವ ಅನಾಹುತವನ್ನು ನೀವೇ ಲೆಕ್ಕ ಹಾಕಬಹುದು.

ಒಂದು ಸಣ್ಣ ಲೆಕ್ಕ ಮಾಡೋಣ. ಟೆಲಿವಿಷನ್ನಿನಲ್ಲಿ ಅಂಕಿಗಳು ಬಂದು ಮಾಯವಾಗುತ್ತವೆ, ಪುಟದ ಮೇಲಾದರೆ ನಿಧಾನವಾಗಿ ನೋಡಬಹುದು. ಟಾರ್ಕನ್ನು ಬೋಲ್ಟಿನ ವ್ಯಾಸದಿಂದಲೂ ಘರ್ಷಣೆಯನ್ನು ಸೂಚಿಸುವ ಒಂದು ಗುಣಾಂಕದಿಂದಲೂ ಭಾಗಿಸಿದರೆ ಹಿಡಿತದ ಬಲ ಸಿಗುತ್ತದೆ. ಶುಭ್ರವಾದ, ಒಣಗಿದ ಉಕ್ಕಿನ ಬೋಲ್ಟಿಗೆ ಈ ಗುಣಾಂಕ ಸುಮಾರು 0.2. ಎಂಟು ಮಿಲಿಮೀಟರ್ ಬೋಲ್ಟನ್ನು 20 ನ್ಯೂಟನ್-ಮೀಟರಿಗೆ ಬಿಗಿದರೆ ಹಿಡಿತ 12,500 ನ್ಯೂಟನ್, ಅಂದರೆ ಸುಮಾರು 1,275 ಕಿಲೋ ತೂಕಕ್ಕೆ ಸಮ. ಕಾಫಿಯ ಲೆಕ್ಕದಲ್ಲಿ ಹೇಳುವುದಾದರೆ, 50 ಕಿಲೋದ 25 ಮೂಟೆಗಳನ್ನು ಮೇಲೆ ಹೇರಿದಂತೆ! ಕಿರುಬೆರಳಿಗಿಂತ ಸಣ್ಣದಾದ ಬೋಲ್ಟಿನ ಕೆಲಸ ಇದು.

ಈಗ ಅದೇ ಬೋಲ್ಟಿನ ಥ್ರೆಡ್ಡಿಗೆ ಎಣ್ಣೆ ಸವರಿದ್ದೀರಿ ಎಂದುಕೊಳ್ಳಿ. ಗುಣಾಂಕ 0.15ಕ್ಕೆ ಇಳಿಯಬಹುದು. ಅದೇ 20 ನ್ಯೂಟನ್-ಮೀಟರಿಗೆ ಹಿಡಿತ 34 ಮೂಟೆಗಳಷ್ಟಾಗುತ್ತದೆ. ಇನ್ನು ಮಳೆಗಾಲವೆಲ್ಲ ಶೆಡ್ಡಿನಲ್ಲಿ ನಿಂತು ತುಕ್ಕು ಹಿಡಿದ ಬೋಲ್ಟಾದರೆ? ಗುಣಾಂಕ 0.3 ಎಂದಿಟ್ಟುಕೊಂಡರೆ ಹಿಡಿತ 17 ಮೂಟೆಗೆ ಕುಸಿಯುತ್ತದೆ. ಮೂರು ಸಲವೂ ಟಾರ್ಕ್ ರೆಂಚ್ “ಕಟಕ್” ಎಂದು ಅದೇ ಜಾಗದಲ್ಲಿ ಸದ್ದು ಮಾಡಿದೆ. ರೆಂಚ್ ಸುಳ್ಳು ಹೇಳಿಲ್ಲ, ಅದಕ್ಕೆ ಗೊತ್ತಿರುವುದು ತಿರುಗುಬಲವೊಂದೇ. ಸ್ಥೂಲವಾಗಿ ನಾವು ಹಾಕುವ ಟಾರ್ಕಿನ ಅರ್ಧ ಭಾಗ ಬೋಲ್ಟಿನ ತಲೆಯ ಕೆಳಗಿನ ಘರ್ಷಣೆಗೆ, ನೂರಕ್ಕೆ 40 ಪಾಲು ಥ್ರೆಡ್ಡಿನ ಘರ್ಷಣೆಗೆ ಹೋಗುತ್ತದೆ. ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ನೂರಕ್ಕೆ 10 ಮಾತ್ರ. ಉಳಿದ 90ರಲ್ಲಿ ಸ್ವಲ್ಪ ಏರುಪೇರಾದರೂ ಈ 10ರ ಗತಿ ಏನಾಗಬೇಕು?

ಕೈಪಿಡಿಯ ಅಂಕಿಯೊಂದನ್ನೇ ನಂಬಿದರೆ ಸಾಲದು ಎಂಬುದಕ್ಕೆ ವಿಮಾನಯಾನದ ಒಂದು ಪ್ರಸಂಗವಿದೆ. 1990ರ ಜೂನ್ 10ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನದ ಮುಂಗಾಜು ಸುಮಾರು 17,000 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಕ್ಯಾಪ್ಟನ್ನರ ಅರ್ಧ ದೇಹ ಹೊರಗೆ ಸೆಳೆಯಲ್ಪಟ್ಟಿತು. ಸಿಬ್ಬಂದಿ ಅವರ ಕಾಲುಗಳನ್ನು ಬಿಗಿಯಾಗಿ ಹಿಡಿದುಕೊಂಡರು, ಸಹಪೈಲಟ್ ವಿಮಾನವನ್ನು ಸೌತ್‌ಹ್ಯಾಂಪ್ಟನ್ನಿನಲ್ಲಿ ಇಳಿಸಿದರು. ಕ್ಯಾಪ್ಟನ್ ಬದುಕುಳಿದರು. ತನಿಖೆಯಲ್ಲಿ ಕಂಡದ್ದು ಇದು: ಹಾರಾಟಕ್ಕೆ ಸ್ವಲ್ಪ ಮೊದಲು ಹೊಸ ಗಾಜು ಕೂರಿಸುವಾಗ ಬಳಸಿದ 90 ಬೋಲ್ಟುಗಳಲ್ಲಿ 84 ಬೋಲ್ಟುಗಳು ಬೇಕಾದುದಕ್ಕಿಂತ ಸುಮಾರು 0.66 ಮಿಲಿಮೀಟರ್ ಸಪುರ. ಟಾರ್ಕ್ ಮಿತಿಯ ಸ್ಕ್ರೂಡ್ರೈವರಿನಿಂದಲೇ ಅವುಗಳನ್ನು ಬಿಗಿಯಲಾಗಿತ್ತು. ಆದರೆ ಹೊಸ ಬೋಲ್ಟುಗಳನ್ನು ಆರಿಸಿದ್ದು ಹಳೆಯದರ ಪಕ್ಕ ಹಿಡಿದು ಕಣ್ಣಳತೆಯಲ್ಲಿ.

ಮತ್ತೆ ನಮ್ಮ ಜೀಪು-ಕಾರುಗಳ ಇಂಧನದ ಹಾದಿಗೆ ಬರೋಣ. ಇಲ್ಲಿಯ ಜೋಡಣೆಗಳು ಎಂಜಿನ್ನಿನ ಬೇರೆ ಬೋಲ್ಟುಗಳಂತಲ್ಲ, ಒಂದೊಂದರದೂ ಒಂದೊಂದು ಸ್ವಭಾವ.

ಡೀಸೆಲ್ ಫಿಲ್ಟರಿನ ಕೊಳವೆಯನ್ನು ಹಿಡಿದಿರುವ ಬ್ಯಾಂಜೊ ಬೋಲ್ಟನ್ನು ನೋಡಿ. ಹೊರಗಿನಿಂದ ದಪ್ಪಗೆ, ಗಟ್ಟಿಮುಟ್ಟಾಗಿ ಕಾಣುತ್ತದೆ. ಬಿಚ್ಚಿದರೆ ನಡುವೆ ಉದ್ದಕ್ಕೂ ತೂತು, ಅಡ್ಡಕ್ಕೆ ಇನ್ನೊಂದು ತೂತು. ಎಣ್ಣೆ ಹರಿಯುವುದೇ ಬೋಲ್ಟಿನ ಹೊಟ್ಟೆಯೊಳಗಿಂದ. ಆದ್ದರಿಂದ ಅಷ್ಟೇ ದಪ್ಪದ ಇಡೀ ಬೋಲ್ಟಿಗೆ ಹಾಕುವ ಬಲ ಹಾಕಿದರೆ ಅಡ್ಡತೂತಿನ ಬಳಿ ಮುರಿಯುತ್ತದೆ. ಅದರ ಎರಡೂ ಕಡೆ ಇರುವ ತಾಮ್ರದ ವಾಷರುಗಳು ಒಮ್ಮೆ ಅದುಮಿದ ಮೇಲೆ ಗಡುಸಾಗುತ್ತವೆ. ಅದೇ ವಾಷರನ್ನು ಮತ್ತೆ ಹಾಕಿದರೆ ಮೇಲ್ಮೈಯ ಏರುತಗ್ಗುಗಳಿಗೆ ಸರಿಯಾಗಿ ಕೂರದು, ಸೋರುತ್ತದೆ. ಸೋರಿತೆಂದು ಇನ್ನಷ್ಟು ಬಿಗಿಯುತ್ತೇವೆ, ಬೋಲ್ಟು ತುಂಡಾಗುತ್ತದೆ. ತಪ್ಪು ವಾಷರಿನದು, ದಂಡ ತೆತ್ತದ್ದು ಬೋಲ್ಟು! ಹೊಸ ವಾಷರ್ ಹಾಕುವುದೇ ಅಗ್ಗ.

ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ಪಂಪನ್ನು ಎಂಜಿನ್ನಿಗೆ ಹಿಡಿಸಿರುವುದು ಎರಡು ಬೋಲ್ಟುಗಳಿಂದ, ಪಂಪಿನ ಎರಡು ಕಿವಿಗಳ ಮೂಲಕ. ನಡುವೆ ಕಾಗದದ ಗ್ಯಾಸ್ಕೆಟ್. ಒಂದನ್ನು ಪೂರ್ತಿ ಬಿಗಿದು ಆಮೇಲೆ ಇನ್ನೊಂದಕ್ಕೆ ಹೋದರೆ ಪಂಪು ಓರೆಯಾಗಿ ಕೂರುತ್ತದೆ. ಎರಡನ್ನೂ ಅತಿಯಾಗಿ ಬಿಗಿದರೆ ಕಿವಿಗಳು ಬಾಗಿ ನಡುಭಾಗ ಮೇಲೆದ್ದು, ಬಿಗಿದಷ್ಟೂ ಸೋರಿಕೆ ಜಾಸ್ತಿಯಾಗುತ್ತದೆ! ಕಾರ್ಬ್ಯುರೇಟರಿನಂಥ ಹಗುರ ಲೋಹದ ಭಾಗಗಳಲ್ಲಿ ಉಕ್ಕಿನ ಬೋಲ್ಟು ಮೆತ್ತಗಿನ ಥ್ರೆಡ್ಡನ್ನೇ ಸುಲಿದುಬಿಡುತ್ತದೆ. ಡೀಸೆಲ್ ಇಂಜೆಕ್ಟರಿನ ಉಕ್ಕಿನ ಕೊಳವೆಯ ತುದಿ ಶಂಕುವಿನಾಕಾರದ್ದು. ಅಲ್ಲಿ ಹೆಚ್ಚು ಬಿಗಿದರೆ ಶಂಕು ಹಿಸುಕಿ ಒಳದಾರಿ ಕಿರಿದಾಗುತ್ತದೆ ಇಲ್ಲವೇ ಬಿರುಕು ಬಿಡುತ್ತದೆ. ಅದಕ್ಕೇ ಬಲ್ಲ ಮೆಕ್ಯಾನಿಕ್ಕರು ಅಲ್ಲಿ ಎರಡು ಸ್ಪ್ಯಾನರ್ ಬಳಸುತ್ತಾರೆ, ಒಂದು ಹಿಡಿದುಕೊಳ್ಳಲು, ಇನ್ನೊಂದು ತಿರುಗಿಸಲು. ಈಗಿನ ಕಾಮನ್ ರೇಲ್ ಡೀಸೆಲ್ ಎಂಜಿನ್ನುಗಳಲ್ಲಿ ಒತ್ತಡ 1,600 ಬಾರ್ ದಾಟುತ್ತದೆ. ಅವುಗಳ ಕೊಳವೆಗಳನ್ನು ಅನೇಕ ಕಂಪನಿಗಳು ಒಮ್ಮೆ ಬಿಚ್ಚಿದರೆ ಮರಳಿ ಬಳಸಲೇಬೇಡಿ ಎನ್ನುತ್ತವೆ. ಅಂಥ ಎಂಜಿನ್ನಿಗೆ ಮನೆಯಲ್ಲಿ ಕೈಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ರಬ್ಬರ್ ಉಂಗುರಗಳ ವಿಷಯ ಮತ್ತೂ ಬೇರೆ. ಉಂಗುರ ಎಷ್ಟು ಅದುಮಬೇಕೆಂಬುದನ್ನು ಅದು ಕೂರುವ ತೋಡಿನ ಆಳವೇ ನಿರ್ಧರಿಸುತ್ತದೆ. ಲೋಹಕ್ಕೆ ಲೋಹ ತಾಗಿದ ಮೇಲೆ ಬಿಗಿದದ್ದೆಲ್ಲ ವ್ಯರ್ಥ. ಉಂಗುರ ಓರೆಯಾಗಿ ಕೂತಿದ್ದರೆ ಯಾವ ಟಾರ್ಕೂ ಅದನ್ನು ಸರಿಪಡಿಸದು. 2010ರ ಫೆಬ್ರವರಿಯಲ್ಲಿ ಮಾರುತಿ ಸುಜುಕಿ ಸಂಸ್ಥೆ ಸುಮಾರು ಒಂದು ಲಕ್ಷ ಎ-ಸ್ಟಾರ್ ಕಾರುಗಳನ್ನು ಮರಳಿ ಕರೆಸಿದ್ದು ಇಂಧನ ಪಂಪಿನ ಬಳಿಯ ಗ್ಯಾಸ್ಕೆಟ್ ಉಂಗುರದ ಕಾರಣಕ್ಕೆ, ಪೆಟ್ರೋಲ್ ಸೋರುವ ಸಾಧ್ಯತೆ ಇದ್ದುದರಿಂದ. ಕೆಲವೇ ರೂಪಾಯಿಯ ಉಂಗುರಕ್ಕಾಗಿ ಲಕ್ಷ ಕಾರುಗಳು!

ಇಷ್ಟು ಜಾಗರೂಕತೆ ಏಕೆಂದರೆ ಪೆಟ್ರೋಲಿನ ಗುಣ ಅಂಥದ್ದು. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಅದರಿಂದ ಏಳುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಆವಿ ಸೇರಿದರೂ ಸಾಕು. ಆವಿ ಗಾಳಿಗಿಂತ ಭಾರವಾದ್ದರಿಂದ ಶೆಡ್ಡಿನ ನೆಲದ ಮೇಲೆ, ಗುಂಡಿಯಲ್ಲಿ ನಿಲ್ಲುತ್ತದೆ. ವಾಸನೆ ಬಂದರೆ ಗಾಡಿ ಚಾಲೂ ಮಾಡುವುದಾಗಲಿ, ಲೈಟಿನ ಸ್ವಿಚ್ ಒತ್ತುವುದಾಗಲಿ ಬೇಡ. ಬಾಗಿಲು ತೆರೆದು, ಗಾಡಿಯನ್ನು ತಳ್ಳಿ ಹೊರಗೆ ತನ್ನಿ. ಡೀಸೆಲ್ ಅಷ್ಟು ಬೇಗ ಹೊತ್ತಿಕೊಳ್ಳದು. ಆದರೆ ಇಂಜೆಕ್ಟರ್ ಕೊಳವೆಯ ಸೂಜಿಮೊನೆಯಂಥ ಬಿರುಕಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿ ಒಳಹೋಗಬಲ್ಲದು. ಎಲ್ಲಿ ಸೋರುತ್ತಿದೆ ಎಂದು ಬೆರಳಿಟ್ಟು ನೋಡಬೇಡಿ, ರಟ್ಟಿನ ತುಂಡು ಹಿಡಿದು ನೋಡಿ.

ಮಲೆನಾಡಿನ ರಸ್ತೆಗೂ ಇದರಲ್ಲಿ ಪಾತ್ರವಿದೆ. ಕಲ್ಲುಹಾಸಿನ ತೋಟದ ದಾರಿಯಲ್ಲಿ ಕುಲುಕಾಟಕ್ಕೆ ಬೋಲ್ಟುಗಳು ತಾವಾಗಿ ಸಡಿಲವಾಗುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಹೇಗೆ ಎಂಬುದನ್ನು ಪ್ರಯೋಗದಿಂದ ತೋರಿಸಿದವರು ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್, 1969ರಲ್ಲಿ. ಬೋಲ್ಟಿನ ಉದ್ದಕ್ಕೆ ಆಗುವ ಕುಲುಕಾಟಕ್ಕಿಂತ ಅಡ್ಡಡ್ಡಲಾಗಿ ಆಗುವ ಜರುಗಾಟವೇ ದೊಡ್ಡ ಶತ್ರು. ಹಿಡಿದಿಟ್ಟ ಎರಡು ಭಾಗಗಳು ಒಂದರ ಮೇಲೊಂದು ಜಾರತೊಡಗಿದರೆ ಥ್ರೆಡ್ಡಿನ ಘರ್ಷಣೆ ಸೋತು ನಟ್ಟು ತಾನಾಗಿ ತಿರುಗುತ್ತದೆ. ಸಾಕಷ್ಟು ಹಿಡಿತವಿದ್ದರೆ ಭಾಗಗಳು ಜಾರುವುದೇ ಇಲ್ಲ. ಅಂದರೆ ಸ್ಪ್ರಿಂಗ್ ವಾಷರಿಗಿಂತ ಮೊದಲ ಕಾವಲು ಸರಿಯಾದ ಹಿಡಿತವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯ ಸೀಮೆಯಲ್ಲಿ ಬೋಲ್ಟು ಬಿಗಿಯುವ ಮೊದಲು ತಂತಿ ಬ್ರಷ್ಷಿನಿಂದ ಥ್ರೆಡ್ ಉಜ್ಜಿ ಒರೆಸಿಕೊಳ್ಳುವುದು ಟಾರ್ಕ್ ರೆಂಚಿನಷ್ಟೇ ಮುಖ್ಯ. ಕೈಪಿಡಿಯಲ್ಲಿ ಎಣ್ಣೆ ಹಚ್ಚಿ ಎಂದಿದ್ದರೆ ಹಚ್ಚಿ, ಇಲ್ಲದಿದ್ದರೆ ಬೇಡ.

ಮೇಲಿನ ಲೆಕ್ಕವನ್ನು ನೀವೇ ಪರೀಕ್ಷಿಸಬಹುದು, ಕಾರಿನ ಮೇಲಲ್ಲ, ಶಾಲೆಯ ಅಥವಾ ಕಾಲೇಜಿನ ವರ್ಕ್‌ಶಾಪಿನಲ್ಲಿ, ಅಧ್ಯಾಪಕರ ಎದುರಿಗೆ. ತೋಟದಲ್ಲಿ ಕೊಯ್ದ ಹಣ್ಣು ತೂಗುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಯೊಂದು ಸಿಕ್ಕರೆ ಸಾಕು. ಎಂಟು ಮಿಲಿಮೀಟರಿನ ಉದ್ದನೆಯ ಹೊಸ ಬೋಲ್ಟೊಂದನ್ನು ದಪ್ಪ ಗೋಡೆಯ, ಸುಮಾರು 8 ಸೆಂಟಿಮೀಟರ್ ಉದ್ದದ ಕಬ್ಬಿಣದ ಕೊಳವೆಯೊಳಗೆ ತೂರಿಸಿ, ಎರಡೂ ಕಡೆ ವಾಷರ್ ಇಟ್ಟು ನಟ್ಟು ಹಾಕಿ. ತಲೆಯನ್ನು ಬೆಂಚ್ ವೈಸಿನಲ್ಲಿ ಹಿಡಿಸಿ. ನಟ್ಟಿಗೆ 13ನೇ ನಂಬರಿನ ಸ್ಪ್ಯಾನರ್ ಕೂರಿಸಿ, ನಟ್ಟಿನ ನಡುವಿನಿಂದ 16 ಸೆಂಟಿಮೀಟರ್ ದೂರದಲ್ಲಿ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಸ್ಪ್ಯಾನರಿಗೆ ಲಂಬವಾಗಿ ಎಳೆಯಿರಿ. ಮುಳ್ಳು ಹನ್ನೆರಡೂವರೆ ಕಿಲೋ ತೋರಿಸಿದಾಗ ನಿಮ್ಮ ಟಾರ್ಕ್ ಹತ್ತಿರ ಹತ್ತಿರ 20 ನ್ಯೂಟನ್-ಮೀಟರ್. ಅಲ್ಲಿಗೆ ನಿಲ್ಲಿಸಿ, ನಟ್ಟಿನ ಮೇಲೂ ಕೊಳವೆಯ ಮೇಲೂ ಸೀಮೆಸುಣ್ಣದ ಒಂದೇ ನೇರ ಗೆರೆ ಎಳೆಯಿರಿ. ಆಮೇಲೆ ನಟ್ಟು ಬಿಚ್ಚಿ, ಥ್ರೆಡ್ಡಿಗೂ ವಾಷರಿಗೂ ಎರಡು ಹನಿ ಎಂಜಿನ್ ಎಣ್ಣೆ ಬಿಟ್ಟು, ಕೊಳವೆ ಜರುಗದಂತೆ ಮತ್ತೆ ಬಿಗಿದು, ಅದೇ ಹನ್ನೆರಡೂವರೆ ಕಿಲೋದಲ್ಲಿ ನಿಲ್ಲಿಸಿ. ನಟ್ಟಿನ ಗೆರೆ ಕೊಳವೆಯ ಗೆರೆಯನ್ನು ದಾಟಿ ಎಷ್ಟು ಡಿಗ್ರಿ ಮುಂದೆ ಹೋಗಿದೆ ಎಂಬುದನ್ನು ಕೋನಮಾಪಕದಿಂದ ಅಳೆದು ಬರೆದುಕೊಳ್ಳಿ.