ಹಾಡಿಗೆ ಕುಣಿಯುವ ಅಕ್ಷರಗಳು

ಮೊಬೈಲಿನಲ್ಲಿ ಹಾಡು ಶುರುವಾದೊಡನೆ ‘ಅ’ ಉಬ್ಬುತ್ತದೆ, ‘೩’ ಗಿರಗಿರನೆ ತಿರುಗುತ್ತದೆ. ಮಗು ಕಣ್ಣು ಕೀಳುವುದಿಲ್ಲ. ಇದೇನು ಮಾಯೆ ಅಂತೀರಾ? ಮಾಯೆಯಲ್ಲ, ಲೆಕ್ಕ!

ಕಂಪ್ಯೂಟರು ಮೊದಲು ಚಪ್ಪಟೆ ಅಕ್ಷರಕ್ಕೆ ದಪ್ಪ ಕೊಡುತ್ತದೆ, ರಂಗೋಲಿಯ ಗೆರೆ ಎದ್ದು ಗೋಡೆಯಾದ ಹಾಗೆ. ಆಮೇಲೆ ಹಾಡನ್ನು ಜರಡಿ ಹಿಡಿಯುತ್ತದೆ: ಮೃದಂಗದ ತಗ್ಗುದನಿ ಒಂದು ಕಡೆ, ತಾಳದ ಕಿಣಿಕಿಣಿ ಇನ್ನೊಂದು ಕಡೆ. ತಗ್ಗುದನಿ ಜೋರಾದಾಗ ಅಕ್ಷರ ಉಬ್ಬಲಿ, ಕಿಣಿಕಿಣಿಗೆ ಬಣ್ಣ ಬದಲಾಗಲಿ ಎಂದು ಗಂಟು ಹಾಕಿದರಾಯಿತು. ಉಚಿತವಾಗಿ ಸಿಗುವ ಬ್ಲೆಂಡರ್ ತಂತ್ರಾಂಶದಲ್ಲೂ ಇದನ್ನು ಮಾಡಬಹುದು.

ಆದರೆ ಒಂದು ಎಚ್ಚರಿಕೆ. ಇಂಗ್ಲಿಷಿನ ಹಾಗೆ ಕನ್ನಡವನ್ನು ತುಂಡು ತುಂಡು ಮಾಡಬಾರದು. ‘ಚನ್ನಪಟ್ಟಣ’ದ ಒತ್ತುಗಳು ಕುಣಿಯುತ್ತಾ ಜಾರಿಹೋದರೆ ಉಳಿಯುವುದು ‘ಚನಪಟಣ’! ಮಗು ಅದನ್ನೇ ಕಲಿತೀತು. ಒತ್ತು ತನ್ನ ಅಕ್ಷರದ ಜೊತೆಗೇ ಕುಣಿಯಬೇಕು.

ಅಂದ ಹಾಗೆ, ಅಂಕಿಗೆ ಮೈ ಕೊಡುವ ಕೆಲಸ ಚನ್ನಪಟ್ಟಣಕ್ಕೆ ಹೊಸದೇನಲ್ಲ. ಅಲ್ಲಿನ ಕುಶಲಕರ್ಮಿಗಳು ಆಲೆ ಮರವನ್ನು ಲೇತಿನಲ್ಲಿ ಕಡೆಯುತ್ತಾರೆ. ಅದು ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಅಂಟುತ್ತದೆ. ಹೀಗೆ ತಯಾರಾದ ಎಣಿಸುವ ಮಣಿಗಳನ್ನು ಮಗು ಟಕಟಕ ಸರಿಸುತ್ತಾ ಒಂದು, ಎರಡು ಕಲಿಯುತ್ತದೆ.

ಪರದೆಯ ಅಕ್ಷರ ಕಣ್ಣಿಗೆ ಸಿಗುತ್ತದೆ, ಬೆರಳಿಗೆ ಸಿಗುವುದಿಲ್ಲ. ಅದಕ್ಕೇ ಸೋದರಿಯರೇ, ಮೊದಲು ತಟ್ಟೆಯಲ್ಲಿ ಒಂದು ಹಿಡಿ ರವೆ ಹರಡಿ, ಮಗುವಿನ ಬೆರಳು ಹಿಡಿದು ‘ಅ’ ತಿದ್ದಿಸಿ. ಜೊತೆಗೆ ನೀವೇ ಒಂದು ಹಾಡು ಹೇಳಿ. ಕೈಗೆ ಬಂದ ಅಕ್ಷರ ಆಮೇಲೆ ಪರದೆಯ ಮೇಲೆ ಎಷ್ಟು ಕುಣಿದರೂ ಮಗುವಿಗೆ ಗುರುತು ತಪ್ಪುವುದಿಲ್ಲ.